ಕಾಣದ ಬಿಗಿ: ಬೋಲ್ಟು ಮತ್ತು ಅನುಮಾನ ಪ್ರಮಾಣ

ಬೋಲ್ಟಿನ ಬಿಗಿ ಕಣ್ಣಿಗೆ ಕಾಣುವಂಥದ್ದಲ್ಲ. 1968ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, ಎಂಟು ಇಂಚಿನ ಚಕ್ರಗಳ, 49 ಸಿಸಿ ಎಂಜಿನ್ನಿನ ಹೋಂಡಾ ಝಡ್50ರಂತಹ ಮಕ್ಕಳ ಹಳೆಯ ಮೋಟರ್‌ಸೈಕಲ್ಲನ್ನು ಬಿಚ್ಚಿ ಮತ್ತೆ ಜೋಡಿಸಿದವನು ಸ್ಪ್ಯಾನರನ್ನು ಕೆಳಗಿಟ್ಟಾಗ, ಹದವಾಗಿ ಬಿಗಿದ ನಟ್ಟು, ಸಡಿಲ ಉಳಿದ ನಟ್ಟು, ಒಳಗೆ ಥ್ರೆಡ್ ಕಿತ್ತುಬರುವ ಹಂತದಲ್ಲಿರುವ ನಟ್ಟು ಮೂರೂ ಒಂದೇ ಬಗೆಯಾಗಿ ತೋರುತ್ತವೆ. ಕಾಣದ್ದನ್ನು ತಿಳಿಯುವುದು ಹೇಗೆ, ಹಾಗೆ ತಿಳಿದದ್ದು ಯಾವ ನಿಬಂಧನೆಯ ಮೇಲೆ ಜ್ಞಾನವೆನಿಸುತ್ತದೆ ಎಂದು ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನ ಶತಮಾನಗಳ ಕಾಲ ಕೇಳಿದ ಪ್ರಶ್ನೆ ಇಲ್ಲಿ ಅಕ್ಷರಶಃ ಎದುರಾಗುತ್ತದೆ.

ಬಿಗಿಯುವಾಗ ನಡೆಯುವುದೇನೆಂಬುದನ್ನು ಮೊದಲು ತಿಳಿಯಬೇಕು. ನಟ್ಟನ್ನು ತಿರುಗಿಸಿದಂತೆ ಬೋಲ್ಟಿನ ಉಕ್ಕು ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ಹವಣಿಸುತ್ತದೆ, ಆ ಸೆಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಬೇಕಾದದ್ದು ಈ ಸೆಳೆತ. ಆದರೆ ಗೊತ್ತುಮಾಡಿದ ಅಂಕಿ ತಲುಪಿದಾಗ ಕ್ಲಿಕ್ ಎನ್ನುವ ಟಾರ್ಕ್ ರೆಂಚ್ ಅಳೆಯುವುದು ಸೆಳೆತವನ್ನಲ್ಲ, ತಿರುಗಿಸಲು ಹಾಕಿದ ಬಲವನ್ನು. 6 ಮಿಲಿಮೀಟರ್ ಬೋಲ್ಟಿಗೆ ಕೈಪಿಡಿಗಳು ಸಾಮಾನ್ಯವಾಗಿ ಹೇಳುವ 10 ನ್ಯೂಟನ್ ಮೀಟರ್ ಎಂದರೆ ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಸುಮಾರು ಒಂದು ಕಿಲೋ ಭಾರ ತೂಗುಬಿಟ್ಟಷ್ಟು ಬಲ. ಥ್ರೆಡ್ ಒಣಗಿದ್ದು ಶುಚಿಯಾಗಿದ್ದರೆ ಅಷ್ಟರಿಂದಲೇ ಆ ಸಣ್ಣ ಬೋಲ್ಟಿನಲ್ಲಿ ಸುಮಾರು 850 ಕಿಲೋ ಭಾರಕ್ಕೆ ಸಮನಾದ ಸೆಳೆತ ಹುಟ್ಟುತ್ತದೆ.

ಗೌತಮನ ನ್ಯಾಯಸೂತ್ರ ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ, ಅಂದರೆ ಜ್ಞಾನಸಾಧನಗಳಲ್ಲಿ, ಆಪ್ತನ ಉಪದೇಶವಾದ ಶಬ್ದವೂ ಒಂದು. ವಸ್ತುವನ್ನು ತಾನೇ ಕಂಡು, ಕಂಡದ್ದನ್ನು ತಿಳಿಸಬಯಸುವವನು ಆಪ್ತನೆಂದು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ಆ ಅರ್ಥದಲ್ಲಿ ತಯಾರಕರ ಕೈಪಿಡಿ ಆಪ್ತವಾಕ್ಯವೇ. ಅದನ್ನು ನಂಬಿ ಬಿಗಿಯುವವನು ಮಾಡುವುದು ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು: ರೆಂಚಿನ ಅಳತೆ ಹೇತು (ಆಧಾರವಾದ ಗುರುತು), ಕಾಣದ ಸೆಳೆತ ಸಾಧ್ಯ (ಸಾಧಿಸಬೇಕಾದದ್ದು), ಅವೆರಡರ ತಪ್ಪದ ಸಂಬಂಧ ವ್ಯಾಪ್ತಿ. ಆದರೆ ಆ ಸಂಬಂಧ ನಿಜವಾಗಿಯೂ ತಪ್ಪದಂಥದ್ದೇ? ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಸೌದೆ ಹಸಿಯಾಗಿದ್ದರೆ ಮಾತ್ರ ಹೊಗೆ ಏಳುತ್ತದೆ ಎಂದು ನೈಯಾಯಿಕರು ತೋರಿಸಿದ್ದಾರೆ. ಮರೆಯಲ್ಲಿದ್ದು ಅನುಮಾನವನ್ನು ಕೆಡಿಸುವ ಇಂತಹ ನಿಬಂಧನೆಗೆ ಅವರಿಟ್ಟ ಹೆಸರು ಉಪಾಧಿ.

ಬೋಲ್ಟಿನ ಉಪಾಧಿ ಘರ್ಷಣೆ. ಹಾಕಿದ ಬಲದಲ್ಲಿ ಸರಿಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಉಜ್ಜಾಟಕ್ಕೆ, ಇನ್ನು ನೂರಕ್ಕೆ ನಲವತ್ತು ಥ್ರೆಡ್ಡಿನ ಉಜ್ಜಾಟಕ್ಕೆ ಹೋಗಿ, ಹತ್ತರಲ್ಲಿ ಒಂದು ಪಾಲು ಮಾತ್ರ ಸೆಳೆತವಾಗಿ ಉಳಿಯುತ್ತದೆ. ಉಳಿಯುವ ಪಾಲು ಇಷ್ಟು ಚಿಕ್ಕದಾದ್ದರಿಂದಲೇ ಘರ್ಷಣೆಯ ಅಲ್ಪ ವ್ಯತ್ಯಾಸವೂ ಅದನ್ನು ಬಹಳವಾಗಿ ಅಲುಗಿಸುತ್ತದೆ. ಥ್ರೆಡ್ಡಿಗೆ ಎಣ್ಣೆ ತಗುಲಿದ್ದರೆ ಅದೇ 10 ನ್ಯೂಟನ್ ಮೀಟರಿಗೆ ಸೆಳೆತ 1,100 ಕಿಲೋ ಮೀರಬಹುದು, ಮೃದುವಾದ ಅಲ್ಯುಮಿನಿಯಮ್ ಕೇಸಿನ ಹಳೆಯ ಥ್ರೆಡ್ಡು ಅದನ್ನು ತಾಳದಿರಬಹುದು. ತುಕ್ಕು, ಮಣ್ಣು ಕೂತಿದ್ದರೆ ರೆಂಚು ಅದೇ ಅಂಕಿಯಲ್ಲಿ ಕ್ಲಿಕ್ ಎಂದರೂ ಬೋಲ್ಟು ಬೇಕಾದಷ್ಟು ಹಿಗ್ಗಿರುವುದಿಲ್ಲ. ಆದ್ದರಿಂದ ಥ್ರೆಡ್ಡನ್ನು ಬ್ರಶ್ಶಿನಿಂದ ತಿಕ್ಕಿ ಒರೆಸುವುದನ್ನು ಕೆಲಸದ ಪೂರ್ವಸಿದ್ಧತೆಯೆಂದು ಬದಿಗಿಡುವುದು ತಪ್ಪು. ಅದು ಉಪಾಧಿಯನ್ನು ನಿವಾರಿಸುವ ಕ್ರಿಯೆ, ಅನುಮಾನದ ಪ್ರಾಮಾಣ್ಯ ನಿಂತಿರುವುದೇ ಅದರ ಮೇಲೆ. ಆಪ್ತವಾಕ್ಯಕ್ಕೂ ಇಲ್ಲಿ ಒಂದು ಮಿತಿಯುಂಟು: ಕೈಪಿಡಿ ಮಾತನಾಡಿದ್ದು ಕಾರ್ಖಾನೆಯಿಂದ ಬಂದ ಹೊಸ ಲೋಹದ ಬಗ್ಗೆಯೇ ಹೊರತು ಅರ್ಧ ಶತಮಾನದಲ್ಲಿ ಹಲವು ಬಾರಿ ಬಿಚ್ಚಿ ಬಿಗಿದ ಲೋಹದ ಬಗ್ಗೆ ಅಲ್ಲ.

ಪಳಗಿದ ಕೈ ಈ ಎಲ್ಲ ತೊಡಕನ್ನು ದಾಟಿ ಬಿಗಿಯನ್ನು ನೇರವಾಗಿ ಅರಿಯುತ್ತದೆಂಬ ವಾದವೂ ಇದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದ್ದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ಮೋಟರ್‌ಸೈಕಲ್ ದುರಸ್ತಿಯ ಪ್ರಸಿದ್ಧ ಕೃತಿಯಲ್ಲಿ ಲೋಹದ ಸ್ಥಿತಿಸ್ಥಾಪಕತೆಯನ್ನು ಅರಿಯುವ ಮೆಕ್ಯಾನಿಕ್ಕನ ಸ್ಪರ್ಶಕ್ಕೆ ದೊಡ್ಡ ಬೆಲೆ ಕೊಟ್ಟಿದ್ದಾನೆ. ಆ ಬೆಲೆ ಸಲ್ಲತಕ್ಕದ್ದೇ, ಆದರೆ ಆ ಸ್ಪರ್ಶವನ್ನು ಸೆಳೆತದ ಪ್ರತ್ಯಕ್ಷ, ಅಂದರೆ ನೇರ ಅರಿವು, ಎನ್ನಲಾಗದು. ಕೈಗೆ ತಿಳಿಯುವುದೂ ಎದುರೊತ್ತೇ ಹೊರತು ಸೆಳೆತವಲ್ಲ, ಎಣ್ಣೆ ಕೈಯನ್ನೂ ರೆಂಚಿನಷ್ಟೇ ಮೋಸಗೊಳಿಸುತ್ತದೆ. ಕೈಯ ಹಿರಿಮೆ ಇರುವುದು ಬೇರೆಡೆ: ನಟ್ಟು ತಿರುಗುತ್ತಿದ್ದರೂ ಎದುರೊತ್ತು ಏರದಿದ್ದರೆ ಥ್ರೆಡ್ಡು ಸೋಲುತ್ತಿದೆಯೆಂದು ಅದು ಅರಿತು ನಿಲ್ಲುತ್ತದೆ, ಆದರೆ ನಿಗದಿತ ಅಂಕಿಗೆ ಕಾಯುವ ರೆಂಚು ಆಗ ಎಂದಿಗೂ ಕ್ಲಿಕ್ ಎನ್ನದು.

ಇಷ್ಟು ಸೂಕ್ಷ್ಮ ಆಟದ ಗಾಡಿಯೊಂದಕ್ಕೆ ಅತಿಯೆಂದು ತೋರಬಹುದು. ಆದರೆ ಅದನ್ನು ಏರುವ ಮಗುವಿಗೆ ಸಂದೇಹಪಡುವ ಶಕ್ತಿ ಇನ್ನೂ ಬಂದಿಲ್ಲವಾದ್ದರಿಂದ, ಮಗು ಪಡಲಾರದ ಸಂದೇಹವನ್ನು ಬಿಗಿದವನೇ ಅದರ ಪರವಾಗಿ ಪಡಬೇಕಾಗುತ್ತದೆ. ಎಂಜಿನ್ ಹೆಡ್ಡಿನ ನಾಲ್ಕು ನಟ್ಟುಗಳನ್ನು ಒಂದೇ ಸಲಕ್ಕೆ ಬಿಗಿಯದೆ ಕರ್ಣಕ್ರಮದಲ್ಲಿ, ಅಂದರೆ ಒಂದರ ನಂತರ ಅದರ ಎದುರು ಮೂಲೆಯದನ್ನು, ಎರಡು ಮೂರು ಸುತ್ತಿನಲ್ಲಿ ಏರಿಸುವುದೂ, ಚಕ್ರದ ಅಚ್ಚಿನ ನಟ್ಟನ್ನು ಮೊದಲ ಸವಾರಿಯ ನಂತರ ಮತ್ತೆ ಪರೀಕ್ಷಿಸುವುದೂ ಆ ಸಂದೇಹದ ರೂಪಗಳೇ. ಅಚ್ಚಿನ ನಟ್ಟಿಗೆ ಸ್ಪ್ಲಿಟ್ ಪಿನ್ ಇರುವ ಗಾಡಿಗಳಲ್ಲಿ ಹಳೆಯದನ್ನು ಎಸೆದು ಹೊಸ ಪಿನ್ನನ್ನೇ ತೂರಿಸಬೇಕು. ಅದು ಸೆಳೆತಕ್ಕೆ ಏನನ್ನೂ ಸೇರಿಸುವುದಿಲ್ಲ, ಅನುಮಾನ ಸುಳ್ಳಾಗಿ ನಟ್ಟು ಸಡಿಲಗೊಂಡ ದಿನ ಚಕ್ರ ಕಳಚದಂತೆ ತಡೆಯುತ್ತದೆ.