ಹಳೆಯ ಗರಗಸವೋ, ಹೊಸ ಗರಗಸವೋ?

ಅಮೆರಿಕದಲ್ಲಿ ಸ್ವಂತ ಮನೆ ಕೊಂಡ ಮೇಲೆ ನಮ್ಮಲ್ಲಿ ಅನೇಕರು ಅರೆಕಾಲಿಕ ಬಡಗಿಗಳಾಗಿಬಿಡುತ್ತೇವೆ. ಊರಿನಲ್ಲಾದರೆ ಆಚಾರಿಯನ್ನು ಕರೆಸುತ್ತಿದ್ದೆವು; ಇಲ್ಲಿಯ ಕೂಲಿ ಕೇಳಿದರೆ ನಾವೇ ಗರಗಸ ಹಿಡಿಯುವುದು ಮೇಲು ಎನ್ನಿಸುತ್ತದೆ. ಆಗ ಏಳುವ ಪ್ರಶ್ನೆ: ಅಂಗಡಿಯ ಅಗ್ಗದ ಹೊಸ ಉಪಕರಣ ಕೊಳ್ಳಬೇಕೋ, ಎಸ್ಟೇಟ್ ಸೇಲ್‌ನಲ್ಲಿ ಅದೇ ಬೆಲೆಗೆ ಸಿಗುವ ಹಳೆಯ, ಒಳ್ಳೆಯ ಉಪಕರಣವನ್ನೋ? ಮೇಲ್ನೋಟಕ್ಕೆ ಇದು ದುಡ್ಡಿನ ಲೆಕ್ಕ. ಒಳಗೆ ಧರ್ಮದ ಪ್ರಶ್ನೆಯೂ ಇದೆ.

ಗರಗಸವನ್ನೇ ನೋಡಿ. ಹೆನ್ರಿ ಡಿಸ್ಟನ್ 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭಿಸಿದ ಕಾರ್ಖಾನೆಯ ಕೈಗರಗಸಗಳು ಇಂದಿಗೂ ಹಳೆಯ ಗ್ಯಾರೇಜುಗಳಲ್ಲಿ ಸಿಗುತ್ತವೆ. ಹಲ್ಲು ಮೊಂಡಾದರೆ ಮೂರು ಮೂಲೆಯ ಅರದಿಂದ ಉಜ್ಜಿ ಮತ್ತೆ ಹರಿತ ಮಾಡಿಕೊಳ್ಳಬಹುದು. ಈಗಿನ ಅನೇಕ ಅಗ್ಗದ ಗರಗಸಗಳ ಹಲ್ಲಿನ ತುದಿ ನೀಲಿಗಪ್ಪಾಗಿರುತ್ತದೆ. ಅದನ್ನು ಕಾಯಿಸಿ ಎಷ್ಟು ಗಡಸು ಮಾಡಿರುತ್ತಾರೆಂದರೆ ಅದಕ್ಕೆ ಅರ ಹತ್ತುವುದೇ ಇಲ್ಲ. ಬಹಳ ದಿನ ಚೆನ್ನಾಗಿ ಕೊಯ್ಯುತ್ತದೆ, ನಿಜ. ಆದರೆ ಮೊಂಡಾದ ದಿನ ಅದರ ಜಾಗ ಕಸದ ಬುಟ್ಟಿ.

ಮಹಾನವಮಿಯಂದು ನಾವು ಆಯುಧಪೂಜೆ ಮಾಡುತ್ತೇವೆ. ಕುಂಕುಮ ಹಚ್ಚುವ ಮೊದಲು ತುಕ್ಕು ತೆಗೆದು, ಒರೆಸಿ, ಎಣ್ಣೆ ಸವರುತ್ತೇವೆ. ಪೂಜೆಯ ಮೊದಲ ಭಾಗವೇ ಆರೈಕೆ. ಆರೈಕೆಗೆ ಅವಕಾಶವೇ ಇಲ್ಲದಂತೆ ತಯಾರಾದ ವಸ್ತುವಿಗೆ ನಮಸ್ಕರಿಸುವಾಗ ನಾವು ಯಾವುದಕ್ಕೆ ನಮಸ್ಕರಿಸುತ್ತಿದ್ದೇವೆ?

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಎರಕದ ಕಬ್ಬಿಣದ ಕೀಸುಳಿಯಲ್ಲಿ ಬಿರುಕಿದ್ದರೆ, ಉಳಿಯ ಅಲಗು ಸವೆದು ಗಿಡ್ಡವಾಗಿದ್ದರೆ, ಅದು ಯಾವ ಬೆಲೆಗೂ ದುಬಾರಿಯೇ. ಎರಡು ಕಡೆ ದುಡಿದು, ಮಕ್ಕಳನ್ನು ಶಾಲೆಯಿಂದ ಕರೆತಂದು, ಶನಿವಾರ ಒಂದು ಶೆಲ್ಫ್ ಕೂರಿಸಬೇಕಾದವರಿಗೆ ಸಾಣೆ ಹಿಡಿಯಲು ಸಮಯವೆಲ್ಲಿ? ಅವರು ಅಗ್ಗದ ಗರಗಸ ಕೊಂಡರೆ ಅಧರ್ಮವೇನೂ ಅಲ್ಲ. ಹತ್ತು ಹಳೆಯ ಕೀಸುಳಿಗಳನ್ನು ಪೇರಿಸಿಟ್ಟು ತುಕ್ಕು ಹಿಡಿಸುವವರಿಗಿಂತ ಅವರೇ ವಾಸಿ. ಪತಂಜಲಿ ಹೇಳಿದ ಐದು ಯಮಗಳಲ್ಲಿ ಅಪರಿಗ್ರಹವೂ ಒಂದಲ್ಲವೇ? ಬೇಕಿಲ್ಲದ್ದನ್ನು ಕೂಡಿಡದಿರುವುದೂ ಒಂದು ವ್ರತ.

ಅದೇ ಪಟ್ಟಿಯಲ್ಲಿ ಅಸ್ತೇಯವೂ ಇದೆ. ಎಸ್ಟೇಟ್ ಸೇಲ್‌ಗೆ ಬರುವುದು ಹೆಚ್ಚಾಗಿ ತೀರಿಕೊಂಡವರ, ಇಲ್ಲವೇ ಮನೆ ಬಿಟ್ಟು ಆರೈಕೆ ಕೇಂದ್ರ ಸೇರಿದವರ ಸಾಮಾನು. ಮಾರಲು ವೃತ್ತಿಯವರನ್ನು ನೇಮಿಸಿದ್ದರೆ ಬೆಲೆ ಕಟ್ಟುವುದು ಅವರ ಕೆಲಸ. ನಾವು ಚೌಕಾಸಿ ಮಾಡಿದರೆ ತಪ್ಪಿಲ್ಲ. ಆದರೆ 60 ಡಾಲರ್ ಬಾಳುವ ಗರಗಸಕ್ಕೆ ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬರು 5 ಡಾಲರ್ ಚೀಟಿ ಅಂಟಿಸಿ, "ಇದು ಹೆಚ್ಚಾಯಿತೇ?" ಎಂದು ಕೇಳಿದರೆ? ಆಗ ಸುಮ್ಮನಿರುವುದನ್ನು ಜಾಣತನವೆನ್ನಲು ನನಗೆ ನಾಲಿಗೆ ಬರುವುದಿಲ್ಲ. ನಿಜವಾದ ಬೆಲೆ ಹೇಳಿ, ಅವರು ಒಪ್ಪಿದಷ್ಟು ಕೊಟ್ಟು ತರಬೇಕು. ಉಳಿದ 55 ಡಾಲರ್ ನಮ್ಮ ಮಿತವ್ಯಯದಿಂದ ಬಂದದ್ದಲ್ಲ, ಅವರ ಅಜ್ಞಾನದಿಂದ ಬಂದದ್ದು.

ಆದ್ದರಿಂದ ಹಳೆಯದೋ ಹೊಸದೋ ಎಂಬುದಕ್ಕಿಂತ ಮೊದಲು ಎರಡು ಮಾತು ಕೇಳಿಕೊಳ್ಳೋಣ. ಇದನ್ನು ನಾನು ಸಾಣೆ ಹಿಡಿದು ಬಳಸುತ್ತೇನೆಯೇ? ಕೊಟ್ಟವರ ಮುಖ ನೋಡಿ ಬೆಲೆ ಹೇಳಬಲ್ಲೆನೇ? ಎರಡಕ್ಕೂ ಹೌದೆನ್ನುವುದಾದರೆ, ಆ ಉಪಕರಣವನ್ನು ಮುಂದೊಂದು ದಿನ ಮಕ್ಕಳ ಕೈಗೆ ಕೊಡುವಾಗ ಅದರ ಕಥೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಬಹುದು.