ಬೆನ್ನು ಯಾರದ್ದು?



ಕಳೆದ ಭಾನುವಾರ ಹಂಗಾರಕಟ್ಟೆಯಲ್ಲಿ ನಾವು ಸೇರುವ ಮನೆಗೆ ಒಂದು ಲೋಡು ಹೊಯ್ಗೆ ತರಿಸಿದ್ದೆವು. ಮಳೆ ಹಿಡಿಯುವ ಮೊದಲು ಅಂಗಳ ಎತ್ತರಿಸಬೇಕಿತ್ತು. ಲಾರಿಯವನು ರಸ್ತೆ ಬದಿಗೇ ಸುರಿದು ಹೋದ. ಇದ್ದವರು ಎಂಟು ಜನ. ನಾನೊಬ್ಬ ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಉಳಿದವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು. ಆದರೆ ಹಾರೆ ಮಾತ್ರ ಯಾರೂ ಹೇಳದೆಯೇ ನಮ್ಮ ಹಿರಿಯರೊಬ್ಬರ ಕೈಗೆ ಹೋಯಿತು. ಇಪ್ಪತ್ತೈದು ವರ್ಷ ಹೊಳೆಯಲ್ಲಿ ಮುಳುಗಿ ಹೊಯ್ಗೆ ತೆಗೆದು ದೋಣಿ ತುಂಬಿಸಿದವರು ಅವರು. ಈಗ ಪ್ರಾಯ ಅರವತ್ತರ ಹತ್ತಿರ. "ಅವರಿಗೆ ಅಭ್ಯಾಸ ಇದೆ" ಎಂದವನು ನಾನೇ.

ಹತ್ತು ನಿಮಿಷದಲ್ಲಿ ಅವರು ಹಾರೆ ಊರಿ, ಸೊಂಟ ಹಿಡಿದು ನಿಂತರು. ಮುಖದಲ್ಲಿ ನೋವಿಗಿಂತ ನಾಚಿಕೆ ಹೆಚ್ಚಿತ್ತು. ನಾಚಬೇಕಾದವನು ನಾನು. "ಅಭ್ಯಾಸ ಇದೆ" ಎಂಬ ಇದೇ ಮಾತು ನನ್ನ ಅಪ್ಪನ ಬೆನ್ನ ಮೇಲೂ ಬಿದ್ದಿತ್ತು. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ವಿಂಗಡಿಸುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಅದನ್ನು ಬಿಟ್ಟು ಬಂದೆವು ಎನ್ನುವ ನಾವು, ಓದಿದವರು, ನಮ್ಮೊಳಗೇ ಅದನ್ನು ಮತ್ತೆ ಮಾಡಿದ್ದೆವು.

ನೋವು ತಡೆದುಕೊಳ್ಳುವುದೇ ದೊಡ್ಡತನವೇ? ದೀಘನಿಕಾಯದ ಸಂಗೀತಿ ಸುತ್ತದಲ್ಲಿ ಒಂದು ಸಂಗತಿ ಇದೆ. ಪಾವಾ ಎಂಬ ಊರಿನಲ್ಲಿ ಮಲ್ಲರ ಹೊಸ ಸಭಾಭವನ. ರಾತ್ರಿ ಬಹಳ ಹೊತ್ತು ಉಪದೇಶಿಸಿದ ಮೇಲೆ ಭಗವಾನರು ತಮ್ಮ ಬೆನ್ನು ನೋಯುತ್ತಿದೆ ಎಂದರು. ಮುಂದಿನ ಮಾತನ್ನು ಸಾರಿಪುತ್ತರಿಗೆ ಒಪ್ಪಿಸಿ ಮಲಗಿದರು. ಲೋಕಗುರುವಿಗೆ ಬೆನ್ನುನೋವು ಹೇಳಿಕೊಳ್ಳಲು ಸಂಕೋಚವಿರಲಿಲ್ಲ. ದೇಹ ದಂಡಿಸುವ ದಾರಿಯನ್ನು ಅವರು ನಡೆದು ನೋಡಿಯೇ ಬಿಟ್ಟವರು. ಸಿಗಾಲನಿಗೆ ಹೇಳಿದ ಉಪದೇಶದಲ್ಲಿ ಯಜಮಾನನ ಕರ್ತವ್ಯಗಳಲ್ಲಿ ಮೊದಲನೆಯದು, ಆಳಿನ ಶಕ್ತಿ ನೋಡಿ ಕೆಲಸ ಕೊಡುವುದು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮೂ ಗಾಯವಾಗುವಷ್ಟು ಭಾರ ಹೊರಿಸಬಾರದು ಎಂದಿತ್ತು. ಆದರೆ ಹೊಳೆ ಕಾರ್ಖಾನೆಯಲ್ಲ, ನಮ್ಮ ಅಂಗಳವೂ ಅಲ್ಲ. ಅಲ್ಲಿ ಕಾಯ್ದೆಯ ಜಾಗದಲ್ಲಿ ಮೈತ್ರಿಯೇ ನಿಲ್ಲಬೇಕು.

ಅವರನ್ನು ಕುರ್ಚಿಯಲ್ಲಿ ಕೂರಿಸಿ ಹಾರೆ ನಾನು ಹಿಡಿದೆ. ಬುಟ್ಟಿ ಎತ್ತಲು ಬಗ್ಗಿದ ಕೂಡಲೇ ಕೂಗಿದರು: "ಹ್ವಾಯ್ ಮಾಷ್ಟ್ರೇ, ಸೊಂಟ ಬಗ್ಸೂಕಾಗ, ಕಾಲ್ ಮಡ್ಚಿ!" ಆಮೇಲೆ ಅವರು ಪಾಠ ಹೇಳಿದರು, ನಾವು ಕಲಿತೆವು. ಕಾಲು ಅಗಲಿಸಿ ನಿಲ್ಲಬೇಕು. ಮೊಣಕಾಲು ಮಡಚಿ ಕುಳಿತು, ಬುಟ್ಟಿಯನ್ನು ಹೊಟ್ಟೆಗೆ ತಾಗಿಸಿಕೊಂಡು, ತೊಡೆಯ ಬಲದಲ್ಲಿ ಏಳಬೇಕು. ಭಾರ ಮೈಯಿಂದ ದೂರವಾದಷ್ಟೂ ಸೊಂಟಕ್ಕೆ ಎಳೆತ ಹೆಚ್ಚು. ಭಾರ ಹಿಡಿದು ಸೊಂಟ ತಿರುಚಬಾರದು, ಪಾದವನ್ನೇ ತಿರುಗಿಸಬೇಕು. ಒದ್ದೆ ಹೊಯ್ಗೆಗೆ ಅರ್ಧ ಬುಟ್ಟಿ ಸಾಕು. ಹಾರೆ ಹಿಡಿಯುವ ಕೈ ಬದಲಿಸುತ್ತಿರಬೇಕು. ಆಗಾಗ ಕುಳಿತು ನೀರು ಕುಡಿಯಬೇಕು. ನೋವು ಕಾಲಿಗಿಳಿದರೆ, ಕಾಲು ಜೋಮು ಹಿಡಿದರೆ ಎಣ್ಣೆ ತಿಕ್ಕುತ್ತಾ ಕೂರದೆ ಡಾಕ್ಟರಿಗೆ ತೋರಿಸಬೇಕು.

"ಇದೆಲ್ಲ ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದೆ. "ಗೊತ್ತಿತ್ತ್. ಲೆಕ್ಕ ಬುಟ್ಟಿದ್ದ್ ಅಲ್ದಾ, ನಿಧಾನ ಮಾಡೂಕ್ ಯಾರ್ ಬಿಡ್ತ್ರ್?" ಎಂದರು. ಬುಟ್ಟಿಗಿಷ್ಟು ಎಂದು ಕೂಲಿ ಸಿಗುವಲ್ಲಿ ಬೆನ್ನು ಕಾಯುವ ತಿಳಿವಳಿಕೆ ಇದ್ದರೆ ಸಾಲದು, ಬಿಡುವೂ ಬೇಕು. ಆ ಬಿಡುವು ಕೊಡುವುದು ಕೆಲಸ ಹೇಳುವವರ ಶೀಲ.

ಒಂದು ಗಂಟೆಯ ಕೆಲಸ ಮೂರು ಗಂಟೆ ಹಿಡಿಯಿತು. ಯಾರ ಬೆನ್ನೂ ಮುರಿಯಲಿಲ್ಲ.

ಇಂದು ಮನೆಯಲ್ಲಿ ಒಮ್ಮೆ ನೋಡಿ. ತುಂಬಿದ ಕೊಡ, ಅಕ್ಕಿ ಮೂಟೆ, ಒದ್ದೆ ಬಟ್ಟೆಯ ಬಕೆಟ್ ಎತ್ತುವವರು ಯಾರು? "ಅವಳಿಗೆ ಅಭ್ಯಾಸ ಇದೆ" ಎಂಬ ಮಾತು ನಾಲಿಗೆಗೆ ಬಂದರೆ ಅಲ್ಲೇ ತಡೆದು, ಎದ್ದು ಹೋಗಿ ಒಂದು ಬದಿ ಹಿಡಿಯಿರಿ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.