ಸಮರಪರಶುರಾಮನೆಂಬ ಬಿರುದು

ಕೊರವಂಗಲದಿಂದ ಮೊಮ್ಮಗನೊಡನೆ ಶ್ರವಣಬೆಳಗೊಳಕ್ಕೆ ಹೋಗಿದ್ದಾಗ, ದೊಡ್ಡಬೆಟ್ಟದ ಮೆಟ್ಟಿಲುಗಳ ನಡುವೆ ಆತ ಕೇಳಿದ: "ತಾತ, ಚಾವುಂಡರಾಯ ಜನರನ್ನು ಕೊಂದಿದ್ದನೆ?" ಜೊತೆಯವರು ನಕ್ಕರು. ನನಗೆ ನಗು ಬರಲಿಲ್ಲ.

ಗೃಹಸ್ಥನ ಅಣುವ್ರತವು ತ್ಯಜಿಸಬೇಕೆನ್ನುವುದು ಸಂಕಲ್ಪೀ ಹಿಂಸೆಯನ್ನು. ನಾಡಿನ ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವೆಂದು ನಮ್ಮ ಹಿರಿಯರು ವಿವೇಚಿಸಿದ್ದಾರೆ. ಗಂಗರ ಮಾರಸಿಂಹ, ರಾಚಮಲ್ಲರ ಈ ದಂಡನಾಯಕನು ಗೋನೂರಿನಲ್ಲಿ ನೊಳಂಬರೊಡನೆ ಕಾದಿದುದನ್ನು ಒಡೆಯನ ಕಾರ್ಯವೆಂದು ಒಪ್ಪೋಣ. (ಅದೆಷ್ಟು ರಕ್ಷಣೆ, ಎಷ್ಟು ಆಕ್ರಮಣವೆಂಬುದು ಬೇರೆ ಮಾತು.) ಆದರೆ 'ಸಮರಪರಶುರಾಮ' ಎಂಬ ಬಿರುದಿನ ಮುಂದೆ ಈ ಸಮರ್ಥನೆ ನಿಲ್ಲದು. ತಮ್ಮನಾದ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಸಂಹರಿಸಿದುದರಿಂದ ದೊರೆತ ಬಿರುದದು. ಸೇಡು ಸಂಕಲ್ಪವಲ್ಲದೆ ಮತ್ತೇನು?

ಬಾಹುಬಲಿಯ ಮೂರ್ತಿಯನ್ನು ಮಾಡಿಸಿದುದೇ ಪಶ್ಚಾತ್ತಾಪವೆಂದು ಕೆಲವರ ಸಮಾಧಾನ. ಮಲ್ಲಯುದ್ಧದಲ್ಲಿ ಎತ್ತಿದ ಅಣ್ಣನನ್ನು ನೆಲಕ್ಕಪ್ಪಳಿಸದೆ ಇಳಿಸಿ ತಪಸ್ಸಿಗೆ ನಡೆದವನನ್ನು, ತಮ್ಮನಿಗಾಗಿ ಕೊಂದವನು ಬೆಟ್ಟದ ಮೇಲೆ ನಿಲ್ಲಿಸಿದನೆಂಬ ಕಲ್ಪನೆ ನನಗೂ ಪ್ರಿಯವೇ. ಆದರೆ ಕ್ರಿ.ಶ. 978ರ ತನ್ನ ಪುರಾಣದಲ್ಲಿ ಆತ ಆ ಬಿರುದನ್ನು ಮರೆಮಾಚಿಲ್ಲ; ಉಳಿದ ಬಿರುದುಗಳ ಸಾಲಿನಲ್ಲೇ ಹೇಳಿಕೊಂಡಿದ್ದಾನೆ. ಪಶ್ಚಾತ್ತಾಪವು ನಮ್ಮ ಬಯಕೆ, ಆತನ ಮಾತಲ್ಲ.

ಗದ್ಯಕಾರನಾಗಿ, ನೇಮಿಚಂದ್ರಾಚಾರ್ಯರ ಶಿಷ್ಯನಾಗಿ, ಈ ಮೂರ್ತಿಯ ನಿರ್ಮಾಪಕನಾಗಿ ಆತನ ಕೀರ್ತಿ ಸಲ್ಲತಕ್ಕದ್ದೇ. ಅಹಿಂಸೆಗೆ ಆದರ್ಶವೆಂದು ಪಾಠಶಾಲೆಗಳಲ್ಲಿ ಹೇಳಿಕೊಡುವುದನ್ನು ಮಾತ್ರ ನಾನು ಒಪ್ಪಲಾರೆ. ಹಾಸ್ಯಕ್ಕೂ ಸುಳ್ಳಾಡದವನೆಂದು 'ಸತ್ಯಯುಧಿಷ್ಠಿರ'ನೆನಿಸಿದವನ ವಿಷಯದಲ್ಲಿ ಮಕ್ಕಳಿಗೆ ಸುಳ್ಳಾಡುವುದೆ?

"ಕೊಂದಿದ್ದನಪ್ಪ," ಎಂದೆ. "ಯಾರನ್ನು?" ಎಂದ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ನಾಗವರ್ಮನ ಕಥೆಯಿಂದ ಪ್ರಾರಂಭಿಸಿದೆ.